ಮೊದಲು ಬಂದವರ ಪಾಳಿ

ಹೋದ ವಾರ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಜಾರದ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದೆನಷ್ಟೇ, ಆ ವಾಸನೆ ಬಡಿಯಿತು. ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿಯೊಂದರ ಮುಂದೆ ತಾಡಪತ್ರಿ ಹಾಸಿ ಯಾರೋ ಮಳೆಗೆ ಸಿಕ್ಕ ಸೋಯಾ ಹರವಿದ್ದರು. ನೆನೆಹಾಕಿ ಮರೆತ ಕಾಳಿನ ಹುಳಿ, ಅದರೊಳಗೆ ಒಂದಿಷ್ಟು ಕರಿಮಣ್ಣು. ಒಳ್ಳೆಯ ವಾಸನೆ ಎನ್ನಲು ಬರುವುದಿಲ್ಲ. ಆದರೂ ಸೆರಗು ಮೂಗಿಗೆ ಹಿಡಿಯದೆ ಅಲ್ಲೇ ನಿಂತುಬಿಟ್ಟೆ. ಆ ಮಳೆಗಾಲ ನೆನಪಾಯಿತು. ಅದರ ಬೆನ್ನಿಗೇ ಸುರೇಖಾ ನೆನಪಾದಳು, ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ವಾಸನೆಯ ಮೇಲೆ ಒಂದು ಚೆಂದದ ಸಾಲು ಹೊಳೆಯಿತು. ಬೀದರಿಗೆ ಹೋದ ಮೇಲೆ ಬರೆದರಾಯಿತು ಎಂದು ಮನಸ್ಸಿನಲ್ಲೇ ಇಟ್ಟುಕೊಂಡೆ.

ಸಾಲು ಬರೆಯುವುದೆಂದರೆ ಕವಿತೆಯಲ್ಲ. ನಾನು ಪ್ರೋಗ್ರಾಂ ಬರೆಯುವವಳು. ಹೆಸರು ಮಂಗಲಾ, ತವರು ಖಟಕ ಚಿಂಚೋಳಿ, ಸಂಸಾರ ಬೀದರಿನಲ್ಲಿ. ನಮ್ಮ ಆಫೀಸು ಹಳೆಯ ಊರಿನೊಳಗೆ, ಬಿದ್ರಿ ಕೆಲಸದವರ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ದಿನವಿಡೀ ಉಳಿ ಬಡಿಯುವ ಸದ್ದು, ಮೇಲೆ ನಾವು ಕೀಲಿಮಣೆ ಬಡಿಯುವ ಸದ್ದು. ಯಜಮಾನರು ಅಣೆಪ್ಪ ಸರ್. ಮೊದಲು ಪಾಠ ಹೇಳುತ್ತಿದ್ದವರು, ಬಿಟ್ಟು ಈ ಆಫೀಸು ತೆಗೆದರು. ಒಂದು ರೈತರ ಸಂಘಕ್ಕೆ ನಾವು ಪಾಳಿ ಹಚ್ಚುವ ಪ್ರೋಗ್ರಾಂ ಮಾಡಿಕೊಡುತ್ತಿದ್ದೆವು. ರೈತರು ಕೇಂದ್ರಕ್ಕೆ ಬಂದು ಹೆಸರು ಬರೆಸುತ್ತಾರೆ, ಅವರವರ ಪಾಳಿ ಬಂದಂತೆ ಲಾರಿ ಹೋಗಿ ಮಾಲು ಎತ್ತುತ್ತದೆ. ಲಾರಿ ಒಂದೇ, ಕೇಂದ್ರ ಹಲವು. ಪಾಳಿ ತಪ್ಪಿದರೆ ಅಂಗಳದಲ್ಲಿ ಬಿದ್ದ ಕಾಳು ಮಳೆಯಲ್ಲಿ ನೆನೆದು ಮೊಳಕೆ ಬರುತ್ತದೆ. ಅದಕ್ಕೇ ಪಾಳಿ ಅಂದರೆ ನಮ್ಮ ಕಡೆ ಹುಡುಗಾಟವಲ್ಲ.

ಆ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ಬರೆದವಳು ನಾನು. ಔರಾದ ತಾಲೂಕಿನ ಠಾಣಾ ಕುಶನೂರಿನಲ್ಲಿ ಸಂಘದ ಕೇಂದ್ರ ನೋಡಿಕೊಳ್ಳುವ ವೈಜಿನಾಥ ಅಲ್ಲಿ ಇಲ್ಲಿ ಒಂದಿಷ್ಟು ಸೇರಿಸಿದ್ದ. ಇಂಥ ಕೆಲಸ ಒಬ್ಬರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಎಲ್ಲರೂ ಬರೆದದ್ದು ಒಂದು ಕಡೆ ಸೇರುತ್ತದೆ, ಎಲ್ಲರ ಹತ್ತಿರವೂ ಅದರ ಪೂರ್ತಿ ಪ್ರತಿ ಇರುತ್ತದೆ. ಬದಲಾವಣೆ ಮಾಡಿ ಸೇರಿಸುವುದಕ್ಕೆ ಕಮಿಟ್ ಅನ್ನುತ್ತೇವೆ. ಪ್ರತಿ ಕಮಿಟ್ಟಿಗೂ ಮಾಡಿದವರ ಹೆಸರು, ಹೊತ್ತು, ಏನು ಮಾಡಿದೆ ಎನ್ನುವ ಒಂದು ಸಾಲು ಅಂಟಿಕೊಂಡಿರುತ್ತದೆ. ಒಂದರ ಮೇಲೊಂದು ಕೂತು ಅದೇ ಚರಿತ್ರೆಯಾಗುತ್ತದೆ.

ಬೇರೆ ಕಡೆ ಆ ಸಾಲನ್ನು ಇಂಗ್ಲಿಷಿನಲ್ಲಿ ಒಣಒಣ ಬರೆಯುತ್ತಾರೆ. ನಮ್ಮಲ್ಲಿ ನಾನೊಂದು ರೂಢಿ ಹಾಕಿಬಿಟ್ಟಿದ್ದೆ. "ಮಿರಗ ಕೂಡ್ತು, ಮಳಿ ಪತ್ತಾ ಇಲ್ಲ. ತೂಕದಾಗ ಒಂದು ಸೊನ್ನಿ ಜಾಸ್ತಿ ಬೀಳತಿತ್ತು, ತಗದೀನಿ" ಎಂದು ಬರೆಯುತ್ತಿದ್ದೆ. "ಕರೆಂಟ್ ಹೋಗಿ ಬಂತು. ಹೆಸರು ಹುಡುಕೂದು ಈಗ ಜಲ್ದಿ ಆಗ್ತದ. ಹುರದ ಶೇಂಗಾ ಮುಗದಾವ" ಎಂದು ಬರೆಯುತ್ತಿದ್ದೆ. ಅಣೆಪ್ಪ ಸರ್ ಬೆಳಿಗ್ಗೆ ಚಹಾ ಹಿಡಿದುಕೊಂಡು ಫೋನಿನಲ್ಲಿ ಅವನ್ನು ಪೇಪರ್ ಓದಿದ ಹಾಗೆ ಓದುತ್ತಿದ್ದರು. ನಗುತ್ತಿದ್ದರು.

"ಏನವಾ ಮಂಗಲಾ, ಶೇಂಗಾ ಒಬ್ಬಾಕೇ ತಿಂದು ಮುಗಿಸಿದಿಯೇನು?"

ಆ ನಗು ನನ್ನ ಸಂಬಳಕ್ಕಿಂತ ದೊಡ್ಡದಾಗಿತ್ತು ಅಂದರೆ ನಂಬುತ್ತೀರೋ ಇಲ್ಲವೋ.

ಇನ್ನೊಂದು ರೂಢಿ ಬಸ್ಸಿನದು. ಠಾಣಾ ಕುಶನೂರಿನಲ್ಲಿ ಮಳೆ ಹಿಡಿಯಿತೆಂದರೆ ನೆಟ್ ಸತ್ತಂತೆ. ಆಗ ವೈಜಿನಾಥ ತನ್ನ ಪೂರ್ತಿ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಖಾಲಿ ಗುಳಿಗೆ ಡಬ್ಬಿಯಲ್ಲಿಟ್ಟು, ಪ್ಲಾಸ್ಟಿಕ್ಕು ಸುತ್ತಿ, ದಾರ ಬಿಗಿದು ಕಂಡಕ್ಟರನ ಕೈಗೆ ಕೊಡುತ್ತಿದ್ದ. ಬುತ್ತಿ, ಔಷಧಿ, ಮದುವೆ ಪತ್ರಿಕೆ ಎಲ್ಲ ಹಾಗೇ ಬರುತ್ತವೆ, ನಮ್ಮ ಪ್ರೋಗ್ರಾಮೂ ಹಾಗೇ ಬರುತ್ತಿತ್ತು. ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ದೂರದಿಂದಲೇ ಕೂಗುತ್ತಿದ್ದ: "ಅಕ್ಕಾ, ನಿಮ್ಮ ಗುಳಿಗಿ ಬಂದಾವ್ರಿ!" ಜನ ನನ್ನನ್ನು ಯಾವುದೋ ರೋಗದವಳೆಂದು ನೋಡುತ್ತಿದ್ದರು.

ಇಂಥದರ ನಡುವೆ ಆ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಯ, ಹೊತ್ತಿಗೆ ಸುರೇಖಾ ಬಂದಳು. ಔರಾದದ ಹುಡುಗಿ, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಎರಡರಲ್ಲೂ ಮಾತು ಕಡಿಮೆ. ನನಗಿಂತ ಹತ್ತು ವರ್ಷ ಚಿಕ್ಕವಳು. ಬಂದ ದಿನವೇ ತನ್ನ ಮೇಜು ಒರೆಸಿದಳು, ಆಮೇಲೆ ನನ್ನ ಮೇಜೂ ಒರೆಸಿದಳು. ಅದೇ ನನಗೆ ಹಿಡಿಸಲಿಲ್ಲ. ನನ್ನ ಮೇಜಿನ ಧೂಳು ನನ್ನದು.

ನಾನು ಎಷ್ಟೋ ದಿನದಿಂದ ಗುದ್ದಾಡುತ್ತಿದ್ದ ಒಂದು ತೊಡಕಿತ್ತು. ಒಂದೇ ಹೆಸರಿನ ರೈತರು ಬಂದರೆ ಪ್ರೋಗ್ರಾಂ ಗೊಂದಲ ಮಾಡಿಕೊಳ್ಳುತ್ತಿತ್ತು. ನಮ್ಮ ಕಡೆ ಒಂದು ಓಣಿಗೆ ಎಷ್ಟು ಮಂದಿ ಬಸವರಾಜ, ಎಷ್ಟು ಮಂದಿ ಶಿವರಾಜ! ಸುರೇಖಾ ಅದನ್ನು ಒಂದು ಮಧ್ಯಾಹ್ನದಲ್ಲಿ ಬಿಡಿಸಿಟ್ಟಳು. ಸರ್ "ಶಾಬಾಸ್!" ಅಂದರು. ನಾನೂ ಶಾಬಾಸ್ ಅಂದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಹಲ್ಲು ಕಡಿದೆ.

ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರು ಯಾಕೆ ಕೊಡಲಿ? ಅವಳು ಚಹಾ ತಂದರೆ ಸಕ್ಕರೆ ಹೆಚ್ಚಾಯಿತು ಅನ್ನುತ್ತಿದ್ದೆ. ಸಕ್ಕರೆ ಸರಿಯಾಗಿಯೇ ಇರುತ್ತಿತ್ತು. ಅವಳು ಬರೆದದ್ದನ್ನು ತೆರೆದು ತಪ್ಪು ಹುಡುಕುತ್ತಿದ್ದೆ, ಒಂದೂ ಸಿಗುತ್ತಿರಲಿಲ್ಲ, ಇನ್ನಷ್ಟು ಉರಿಯುತ್ತಿತ್ತು. ನಮ್ಮ ಮನೆಯವರು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ಊಟಕ್ಕೆ ಕೂತಾಗ ದಿನಾ ಸುರೇಖಾ ಪುರಾಣ ಕೇಳಿ ಕೇಳಿ ಅವರೊಮ್ಮೆ ಅಂದರು, "ನಿನ್ನ ರಕ್ತ ಟೆಸ್ಟ್ ಮಾಡಿದ್ರ ಅದರಾಗೂ ಸುರೇಖಾನೇ ಬರ್ತಾಳ ನೋಡು."

ನನಗೆ ಒಂದೇ ಒಂದು ಸಮಾಧಾನವಿತ್ತು. ಅವಳಿಗೆ ಸಾಲು ಬರೆಯಲು ಬರುತ್ತಿರಲಿಲ್ಲ. "ಹೆಸರಿನ ಗೊಂದಲ ಸರಿಪಡಿಸಲಾಗಿದೆ." ಅಷ್ಟೇ! ಸರಕಾರಿ ಗೋಡೆಯ ಮೇಲೆ ಬರೆದ ಹಾಗೆ. ಸರ್ ಅದನ್ನು ಓದಿ ತಲೆಯಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ನಗುತ್ತಿದ್ದದ್ದು ನನ್ನ ಸಾಲಿಗೇ.

ಆಷಾಢದ ಕೊನೆಗೆ ಸರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಒಂದು ಮಾತು ಹೇಳಿದರು. ಹಿಂದಿನ ವರ್ಷ ಭಾಲ್ಕಿಯಲ್ಲಿ ಮಾತ್ರ ನಡೆಸಿದ ಪಾಳಿಯನ್ನು ಈ ಸಲ ಔರಾದ ತಾಲೂಕಿಗೂ ಹಚ್ಚುತ್ತಾರೆ. ದಸರೆಗಿಂತ ಮೊದಲು ಸಂಘದ ಹಿರಿಯರು ಬಂದು ನೋಡುತ್ತಾರೆ, ಜೊತೆಗೆ ಅವರ ಎಂಜಿನಿಯರ್ ಒಬ್ಬರು ಬರುತ್ತಾರೆ.

"ಎರಡೂ ತಾಲೂಕಿನ ಜವಾಬ್ದಾರಿ ಒಬ್ಬರಿಗೇ ಕೊಡ್ತಾರಂತ. ಯಾರು ಏನು ಮಾಡ್ಯಾರ ಅಂತ ಆ ಎಂಜಿನಿಯರ್ ಮೊದಲಿಂದ ನೋಡ್ತಾರ. ಅವರು ಹೇಳಿದವರಿಗೇ ಆ ಕೆಲಸ."

ಮೊದಲಿಂದ ನೋಡಿದರೆ ನನ್ನ ಹೆಸರಲ್ಲದೆ ಮತ್ಯಾರದಿದೆ? ಎರಡು ಮಳೆಗಾಲ, ಎರಡು ಬೇಸಿಗೆ, ನನ್ನ ಕಮಿಟ್ಟುಗಳೇ ಸಾಲುಗಟ್ಟಿ ನಿಂತಿದ್ದವು. ಕೊನೆಯಲ್ಲಿ ಚೂರುಪಾರು ಅವಳದು. ನಾಗರ ಪಂಚಮಿಗೆ ನಾನು ಖಟಕ ಚಿಂಚೋಳಿಗೆ ಹೊರಟಾಗ ಎಷ್ಟು ಹಗುರಾಗಿದ್ದೆನೆಂದರೆ, ಸುರೇಖಾಗೆ "ಜೋಳದ ಅಳ್ಳು ತರ್ತೇನಿ" ಎಂದೂ ಹೇಳಿದೆ.

ತವರಿನಲ್ಲಿ ಜೋಕಾಲಿ ಆಡಿದ್ದಕ್ಕಿಂತ ಜಡಿಮಳೆ ನೋಡುತ್ತ ಕೂತದ್ದೇ ಹೆಚ್ಚು. ಆ ಮಳೆ ಬೀದರಿನಲ್ಲೂ ಬಿಟ್ಟಿರಲಿಲ್ಲ. ನಾನು ಹುರಿದು ಅರಳಿಸಿದ ಅಳ್ಳಿನ ಗಂಟು ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದರೆ ಒಳಗೆ ಬಕೆಟ್ಟುಗಳು, ಒದ್ದೆ ಗೋಡೆ, ನನ್ನ ಮೇಜು ಜಾಗದಲ್ಲೇ ಇಲ್ಲ. ಸೂರು ಸೋರಿ ನನ್ನ ಕಂಪ್ಯೂಟರಿನ ಮೇಲೂ, ಎಲ್ಲರ ಕೆಲಸ ಒಟ್ಟಿಗೆ ಇಡುವ ಪೆಟ್ಟಿಗೆಯ ಮೇಲೂ ನೀರು ಬಿದ್ದಿತ್ತು. ಎರಡೂ ಸತ್ತಿದ್ದವು.

"ಫಿಕರ್ ಮಾಡಬ್ಯಾಡ ಮಂಗಲಾ," ಸರ್ ಅಂದರು. "ಸುರೇಖಾನ ಲ್ಯಾಪ್‌ಟಾಪಿನಾಗ ಪೂರಾ ಪ್ರತಿ ಇತ್ತು. ಹೊಸಾ ಪೆಟ್ಟಿಗಿ ತಂದು ಎಲ್ಲಾ ತುಂಬ್ಯಾಳ. ದೇವರು ಬಂದಂಗ ಬಂದಾಳ ನೋಡು ಈ ಹುಡುಗಿ."

ನನಗೂ ಒಂದು ಹೊಸ ಕಂಪ್ಯೂಟರ್ ಇಟ್ಟಿದ್ದರು. ಕೂತು ತೆರೆದೆ. ಪ್ರೋಗ್ರಾಂ ಇತ್ತು, ಅದರ ಪ್ರತಿ ಸಾಲೂ ಇತ್ತು. ಚರಿತ್ರೆ ನೋಡಿದೆ. ಎರಡು ವರ್ಷದ ಜಾಗದಲ್ಲಿ ಒಂದೇ ಒಂದು ಕಮಿಟ್: "ಮೊದಲ ಆವೃತ್ತಿ." ಮಾಡಿದವರು: ಸುರೇಖಾ. ಅದರ ಮೇಲೆ ಆಮೇಲಿನ ಕೆಲವು, ಅವೂ ಅವಳವೇ.

ನನ್ನ ಸೊನ್ನೆ ಎಲ್ಲಿ? ನನ್ನ ಶೇಂಗಾ ಎಲ್ಲಿ? ಮಂಗಲಾ ಎನ್ನುವ ಹೆಸರು ಎಲ್ಲಿ?

"ಇದೇನು ಮಾಡೀಯವಾ ಸುರೇಖಾ?"

"ಸಾಫ್ ಮಾಡೀನ್ರಿ ಅಕ್ಕಾ," ಅಂದಳು, ಕೀಲಿಮಣೆಯಿಂದ ಕೈ ತೆಗೆಯದೆ. "ಹಿರೇರು ನೋಡ್ಲಿಕ್ಕೆ ಬರ್ತಾರಲ್ರಿ. ಅದರಾಗ ಶೇಂಗಾ, ಕರೆಂಟ್, ಬಸ್ ಎಲ್ಲಾ ಇತ್ತು. ಹೊಸಾ ಪೆಟ್ಟಿಗಿಗೆ ಹಳೀ ಕಸ ಯಾಕ ಅಂತ ಒಂದೇ ಮಾಡಿ ಹಾಕೀನಿ. ಕೆಲಸದಾಗ ಏನೂ ಹೋಗಿಲ್ರಿ."

"ನಿನ್ನ ಲ್ಯಾಪ್‌ಟಾಪಿನಾಗ ಹಳೇದು ಅದ ಇಲ್ಲೋ?"

"ಇಲ್ರಿ. ಅಲ್ಲೂ ಸಾಫ್ ಮಾಡೀನಿ."

ಹಳೀ ಕಸ! ಎಲ್ಲರೂ ಹಂಚಿಕೊಂಡ ಚರಿತ್ರೆಯನ್ನು ಹೀಗೆ ಮಡಚಿ ಹೊಸದಾಗಿ ಬರೆಯುವುದು ನಮ್ಮ ಕೆಲಸದಲ್ಲಿ ಮಾಡಬಾರದ ಕೆಲಸ. ತನ್ನ ಮೇಜಿನ ಮೇಲೆ ಏನಾದರೂ ಮಾಡಿಕೊಳ್ಳಲಿ, ನಾಲ್ಕು ಜನರ ನಡುವೆ ಇಟ್ಟದ್ದನ್ನು ಮುಟ್ಟಬಾರದು. ಇಷ್ಟನ್ನೂ ಕೂಗಿ ಹೇಳಬೇಕೆಂದಿದ್ದೆ. ಆದರೆ ಸರ್ ಆಗಲೇ ಅವಳನ್ನು ದೇವರ ಸಾಲಿಗೆ ಸೇರಿಸಿಬಿಟ್ಟಿದ್ದರು. ನೀರಿನಲ್ಲಿ ಹೋಗುತ್ತಿದ್ದುದನ್ನು ಉಳಿಸಿದವಳ ಮೇಲೆ ಕೂಗಾಡಿದರೆ ನನ್ನ ಮುಖಕ್ಕೇ ಮಸಿ. ಸರ್ ಹತ್ತಿರ ಮೆಲ್ಲಗೆ ಮಾತು ಎತ್ತಿದೆ. "ಕೆಲಸ ಉಳೀತಲ್ಲವಾ, ಹೆಸರು ನಾ ಹೇಳ್ತೇನಿ ಬಿಡು" ಅಂದರು. ಬಾಯಿಂದ ಹೇಳುವ ಹೆಸರು ಬೇಕಾಗಿತ್ತೇ ನನಗೆ? ಅಳ್ಳಿನ ಗಂಟು ಬಿಚ್ಚಲಿಲ್ಲ, ಮನೆಗೆ ವಾಪಸು ಒಯ್ದು ನಾನೇ ತಿಂದೆ.

ಉದ್ದು ಕೊಯ್ಲಿಗೆ ಬರುವ ಹೊತ್ತು ಅದು. ಬಿಸಿಲು ಒಂದು ತಾಸು ಬಂದರೆ ಮಳೆ ಎರಡು ತಾಸು. ನಾನು ಸುರೇಖಾ ಜೊತೆ ಮಾತು ಬಿಟ್ಟೆ. ಅವಳು ಮೊದಲೇ ಮಾತು ಕಡಿಮೆಯವಳು, ಬಿಟ್ಟದ್ದು ಗೊತ್ತಾಯಿತೋ ಇಲ್ಲವೋ. ಕಳ್ಳಿ ಅಂದುಕೊಂಡೆ. ಮೆತ್ತಗಿದ್ದು ಕುತ್ತಿಗೆ ಕುಯ್ಯುವವಳು ಅಂದುಕೊಂಡೆ. ನಿಜ ಹೇಳಬೇಕೆಂದರೆ ಅದರಲ್ಲೊಂದು ಸುಖವೂ ಇತ್ತು. ಇಷ್ಟು ದಿನ ಕಾರಣವಿಲ್ಲದೆ ಉರಿಯುತ್ತಿದ್ದ ಹೊಟ್ಟೆಗೆ ಈಗ ಗಟ್ಟಿ ಕಾರಣ ಸಿಕ್ಕಿತ್ತು.

ಆಗ ಒಂದು ದಿನ ಫೋನು ಬಂತು. ಠಾಣಾ ಕುಶನೂರಿನ ಬಸ್ಸಿನ ಕಂಡಕ್ಟರ್.

"ಅಕ್ಕಾ, ಗುಳಿಗಿ ಬಂದಾವ್ರಿ. ಹಳ್ಳ ಬಂದು ಬಸ್ ಬಂದ್ ಆಗಿತ್ತು, ಅದಕ್ಕ ತಡಾ ಆತು."

ಸಿಟ್ಟಿನಲ್ಲಿ ನಾನು ವೈಜಿನಾಥನ ಪ್ರತಿಯನ್ನು ಮರೆತೇಬಿಟ್ಟಿದ್ದೆ. ಪಂಚಮಿಗಿಂತ ಮೊದಲಿನಿಂದ ಅಲ್ಲಿ ನೆಟ್ ಇರಲಿಲ್ಲ. ವೈಜಿನಾಥನಿಗೆ ಸೂರು ಸೋರಿದ್ದೂ ಗೊತ್ತಿಲ್ಲ, ಚರಿತ್ರೆ ಬದಲಾದದ್ದೂ ಗೊತ್ತಿಲ್ಲ. ತನ್ನ ಪಾಡಿಗೆ ತಾನು ಹಳೆಯ ಪ್ರತಿಯ ಮೇಲೆಯೇ ಉದ್ದಿನ ಪಾಳಿಗೆ ಬೇಕಾದ ಬದಲಾವಣೆ ಮಾಡಿ ಕಳಿಸಿದ್ದ. ಡಬ್ಬಿ ಆಫೀಸಿಗೆ ತಂದೆ. ಸುರೇಖಾ ಅದನ್ನು ಹಾಕಿ ಹೊಸದಕ್ಕೆ ಕೂಡಿಸಲು ನೋಡಿದಳು. ಯಂತ್ರ ಒಪ್ಪಲಿಲ್ಲ. ಈ ಎರಡು ಚರಿತ್ರೆಗಳಿಗೂ ಸಂಬಂಧವೇ ಇಲ್ಲ, ಕೂಡಿಸುವುದಿಲ್ಲ ಎಂದು ಪರದೆಯ ಮೇಲೆ ಬಂತು. ಅಯ್ಯೋ, ಸಂಬಂಧವಿಲ್ಲವಂತೆ! ಹೆತ್ತ ತಾಯಿಯನ್ನು ತೋರಿಸಿ ಯಾರಿವಳು ಎಂದು ಕೇಳಿದ ಹಾಗಾಯಿತು ನನಗೆ.

"ವೈಜಿನಾಥಣ್ಣ ಬದಲಿ ಮಾಡಿದ ಫೈಲ್ ಅಷ್ಟೇ ತಗೊಂಡು ನಾನೇ ಹಾಕಿಬಿಡ್ತೇನ್ರಿ," ಅಂದಳು ಸುರೇಖಾ.

ಅಂದರೆ ಅವನ ಕೆಲಸವೂ ಇವಳ ಹೆಸರಿಗೆ.

"ಏನೂ ಬ್ಯಾಡ," ಅಂದೆ. "ಇಲ್ಲಿ ಕೊಡು ಅದನ್ನ." ಪೆನ್‌ಡ್ರೈವ್ ಕಿತ್ತುಕೊಂಡು ಜಂಪರಿನೊಳಗೆ ಇಟ್ಟುಕೊಂಡೆ. ಅದರಲ್ಲಿ ಎಲ್ಲಾ ಇತ್ತು. ಸೊನ್ನೆ, ಶೇಂಗಾ, ಕರೆಂಟು, ಪ್ರತಿಯೊಂದರ ಪಕ್ಕ ನನ್ನ ಹೆಸರು.

ಭಾನುವಾರ ಅಡಿಗೆ ಮಾಡಲಿಲ್ಲ. ಮನೆಯವರನ್ನು ಖಾನಾವಳಿಗೆ ಕಳಿಸಿ, ಬಾಗಿಲು ಹಾಕಿ ಕೂತೆ. ಹಳೆಯ ಚರಿತ್ರೆಯನ್ನು ಬುಡಕ್ಕೆ ಇಟ್ಟು, ಅದರ ಮೇಲೆ ವೈಜಿನಾಥನದು, ಅದರ ಮೇಲೆ ಸೂರು ಸೋರಿದ ನಂತರ ಸುರೇಖಾ ಮಾಡಿದ ಕೆಲಸ ಒಂದೊಂದಾಗಿ ಕೂರಿಸಬೇಕು. ಕೂರಿಸುವಾಗ ಓದಲೇಬೇಕು. ಓದಿದೆ. ಎಷ್ಟು ಚೊಕ್ಕಟ ಬರೆದಿದ್ದಳು! ನಾನು ಇಪ್ಪತ್ತು ಸಾಲಿನಲ್ಲಿ ಎಳೆದಾಡುವುದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು. ಅವನ್ನು ನನ್ನ ಹೆಸರಿಗೆ ಹಾಕಿಕೊಳ್ಳುವುದು ಒಂದು ಚಿಟಿಕೆಯ ಕೆಲಸ. ಹಾಕಲಿಲ್ಲ. ಧರ್ಮಕ್ಕೆ ಅಂಜಿ ಅಲ್ಲ. ನನ್ನದು ಎಷ್ಟು, ಅವಳದು ಎಷ್ಟು ಎಂದು ಎಂಜಿನಿಯರಿಗೆ ಎದ್ದು ಕಾಣಬೇಕಾಗಿತ್ತು, ಅದಕ್ಕೆ.

ಕೊನೆಗೊಂದು ಪರೀಕ್ಷೆ ಉಳಿದಿತ್ತು. ಒಂದೇ ಮಾಡಿದ್ದೇ ಹೊರತು ಕೆಲಸದಲ್ಲಿ ಏನೂ ಹೋಗಿಲ್ಲ ಎಂದಿದ್ದಳಲ್ಲ, ಅವಳ "ಮೊದಲ ಆವೃತ್ತಿ"ಯನ್ನೂ ನನ್ನ ಹಳೆಯದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಒಂದು ಕಡೆ ಬೇರೆ ಇತ್ತು. ಸಿಕ್ಕಿದಳು! ಎದ್ದು ನಿಂತುಬಿಟ್ಟೆ. ಸುಳ್ಳಿ, ಸಿಕ್ಕಿದಳು!

ಕೂತು ಓದಿದೆ. ಪಾಳಿ ಹಚ್ಚುವ ಜಾಗ ಅದು, ಇಡೀ ಪ್ರೋಗ್ರಾಮಿನ ಹೊಕ್ಕಳು. ನಾನು ಬರೆದಿದ್ದ ಪ್ರಕಾರ, ರೈತನ ಹೆಸರು ಬೀದರಿಗೆ ತಲುಪಿದ ಹೊತ್ತಿನ ಮೇಲೆ ಪಾಳಿ ಹತ್ತುತ್ತಿತ್ತು. ಹಿಂದಿನ ವರ್ಷ ಭಾಲ್ಕಿಯಲ್ಲಿ ನೆಟ್ ಇತ್ತು, ಬಂದ ಹೊತ್ತೂ ತಲುಪಿದ ಹೊತ್ತೂ ಒಂದೇ ಆಗಿತ್ತು, ಯಾರಿಗೂ ಗೊತ್ತಾಗಲಿಲ್ಲ. ಆದರೆ ಈ ಸಲ ನೆಟ್ ಸತ್ತಾಗ ಠಾಣಾ ಕುಶನೂರಿನ ರೈತರ ಹೆಸರುಗಳೂ ಅದೇ ಗುಳಿಗೆ ಡಬ್ಬಿಯಲ್ಲಿ ಬಸ್ಸಿಗೆ ಬರುತ್ತವೆ! ಅಲ್ಲಿನ ರೈತ ಸೋಮವಾರ ಬಂದು ನಿಂತರೂ, ಗುಳಿಗೆ ಡಬ್ಬಿ ಬುಧವಾರ ಬಂದರೆ, ಮಂಗಳವಾರ ಬಂದ ಔರಾದದವರೆಲ್ಲ ಅವನಿಗಿಂತ ಮುಂದೆ. ಪ್ರತಿ ಮಳೆಗೂ ಹಿಂದೆ. ಲಾರಿ ಬರುವಷ್ಟರಲ್ಲಿ ಕಾಳು ಮೊಳಕೆ. ಡಬ್ಬಿ ತರಲು ಹೋಗುತ್ತಿದ್ದವಳು ನಾನೇ, ನನಗೇ ಇದು ಹೊಳೆದಿರಲಿಲ್ಲ. ಸುರೇಖಾ ಅದನ್ನು ತಿದ್ದಿದ್ದಳು. ರೈತ ಕೇಂದ್ರಕ್ಕೆ ಬಂದ ಹೊತ್ತೇ ಲೆಕ್ಕಕ್ಕೆ, ತಲುಪಿದ ಹೊತ್ತಲ್ಲ. ನಾಲ್ಕೇ ಸಾಲು. ತಿದ್ದಿ, ಯಾರಿಗೂ ಹೇಳದೆ, ಆ "ಮೊದಲ ಆವೃತ್ತಿ"ಯೊಳಗೆ ಮಡಚಿ ಹಾಕಿದ್ದಳು. ಅವಳು ಮಡಚಿದ ಚರಿತ್ರೆಯಲ್ಲಿ ನನ್ನ ಹೆಸರಿನ ಜೊತೆಗೆ ನನ್ನ ತಪ್ಪೂ ಮುಚ್ಚಿಹೋಗಿತ್ತು.

ಇವಳು ಕಳ್ಳಿಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು ನನಗೆ. ಮನೆಯವರು ಖಾನಾವಳಿಯಿಂದ ನನಗೆಂದು ರೊಟ್ಟಿ, ಬ್ಯಾಳಿ ಕಟ್ಟಿಸಿಕೊಂಡು ಬಂದಿದ್ದರು. ಬಿಚ್ಚದೆ ಹಾಗೇ ಮುಚ್ಚಿಟ್ಟೆ.

ಸೋಮವಾರ ಸರ್ ಔರಾದಕ್ಕೆ ಹೋಗಿದ್ದರು. ಹೊರಗೆ ಮಳೆ, ಕೆಳಗೆ ಉಳಿಯ ಸದ್ದು, ಒಳಗೆ ನಾವಿಬ್ಬರೇ. ಆ ನಾಲ್ಕು ಸಾಲನ್ನು ಅವಳ ಮುಂದೆ ತೆರೆದಿಟ್ಟೆ.

"ಇದನ್ನ ತಿದ್ದಿದಾಕಿ ನೀನೇನು?"

ನೋಡಿದಳು. "ಹೌದ್ರಿ ಅಕ್ಕಾ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಸಿಟ್ಟಿಗೇಳ್ತಿದ್ರಿ."

"ನಾ ಯಾಕ ಸಿಟ್ಟಿಗೇಳಲಿ?"

"ನಾ ಚಾ ತಂದ್ರೂ ನೀವು ಸಿಟ್ಟಿಗೇಳ್ತೀರಿ ಅಕ್ಕಾ." ಅವಳು ನಗುತ್ತಿರಲಿಲ್ಲ. "ನಿಮಗ ನನ್ನ ಕಂಡ್ರ ಆಗೂದಿಲ್ಲ ಅಂತ ಎಲ್ಲಾರಿಗೂ ಗೊತ್ತದ. ವೈಜಿನಾಥಣ್ಣಗೂ ಗೊತ್ತದ. ಆ ಕಂಡಕ್ಟರಗೂ ಗೊತ್ತಿರಬೇಕ್ರಿ."

ಇಷ್ಟು ದಿನ ಹಲ್ಲು ಕಡಿದದ್ದು ಠಾಣಾ ಕುಶನೂರಿನ ತನಕ ಕೇಳಿಸಿತ್ತೇ?

"ಅದು ಹಂಗಿರಲಿ. ನನ್ನ ಸಾಲು ಯಾಕ ಅಳಿಸಿದಿ? ಖರೇ ಹೇಳು. ಸಾಫ್ ಗೀಫ್ ಅನಬ್ಯಾಡ."

ಅವಳು ಕೀಲಿಮಣೆಯಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. ಆ ಹುಡುಗಿಗೆ ಅಷ್ಟು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ನಾ ಬಂದಾಗಿಂದ ಏನು ಕಮ್ಮಿ ಕೆಲಸ ಮಾಡೀನೇನ್ರಿ? ನನ್ನದು ನೋಡಿ ಸರ್ ಶಾಬಾಸ್ ಅಂತಾರ, ಫೋನ್ ಕೆಳಗ ಇಡ್ತಾರ. ನಿಮ್ಮದು ಓದ್ತಾರ, ನಗ್ತಾರ, ಮತ್ತ ಓದ್ತಾರ. ಕೆಳಗಿನ ಅಂಗಡಿಯವರಿಗೂ ಓದಿ ಹೇಳ್ತಾರ. ನಾನೂ ಹಂಗ ಬರೀಬೇಕಂತ ಕೂತೇನ್ರಿ. ಇವತ್ತು ಮಳಿ ಬಂತು ಅಂತ ಬರದೆ. ಅದರ ಮುಂದ ಏನೂ ಬರಲಿಲ್ಲ. ಅಳಿಸಿ ಸರಿಪಡಿಸಲಾಗಿದೆ ಅಂತ ಹಾಕಿದೆ. ಸೂರು ಸೋರಿದ ದಿನಾ ಎಲ್ಲಾ ನನ್ನ ಕೈಯಾಗ ಇತ್ತು. ನಿಮ್ಮ ಸಾಲು ಒಂದೊಂದೇ ನಾನೇ ಹೊತ್ತು ಹೊಸಾ ಪೆಟ್ಟಿಗ್ಯಾಗ ಇಡಬೇಕಾಗಿತ್ತು. ಹೊಟ್ಟಿ ಉರೀತ್ರಿ ಅಕ್ಕಾ. ನನ್ನ ಕೈಲಿ ಆಗಲಿಲ್ಲ. ಎಲ್ಲಾ ಒಂದೇ ಮಾಡಿ ಒಗದುಬಿಟ್ಟೆ."

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಎದೆಯೊಳಗೆ ಏನೋ ಕುಣಿಯಿತು. ಇವಳಿಗೆ, ನಾಲ್ಕು ಸಾಲಿನಲ್ಲಿ ಮುಗಿಸುವ ಇವಳಿಗೆ, ನನ್ನ ಮೇಲೆ ಹೊಟ್ಟೆಕಿಚ್ಚು! ಆ ಮಳೆಗಾಲದಲ್ಲಿ ಯಾರೂ ನನಗೆ ಅಷ್ಟು ದೊಡ್ಡ ಶಾಬಾಸ್ ಕೊಟ್ಟಿರಲಿಲ್ಲ. ಕೆಳಗೆ ಹೋಗಿ ಎರಡು ಚಹಾ ಹೇಳಿ ಬಂದೆ. ಸಕ್ಕರೆ ನಿಜವಾಗಿಯೂ ಹೆಚ್ಚಾಗಿತ್ತು, ಬಾಯಿ ಮುಚ್ಚಿಕೊಂಡು ಕುಡಿದೆ.

"ಹಳೇ ಚರಿತ್ರಿ ವಾಪಸ್ ಹಾಕ್ತೇನಿ," ಅಂದೆ.

"ಹಾಕ್ರಿ. ಆದ್ರ ಆ ಪಾಳಿ ತಪ್ಪೂ ನಿಮ್ಮ ಹೆಸರಿನ ಜೋಡಿ ಬರ್ತದ್ರಿ. ಎಂಜಿನಿಯರ್ ನೋಡ್ತಾರ."

ಅದು ನನಗೂ ಗೊತ್ತಿತ್ತು. ಆ ಒಂದನ್ನು ಮಾತ್ರ ಸದ್ದಿಲ್ಲದೆ ತೆಗೆದುಬಿಡಬಹುದಿತ್ತು. ಹಾಗೆ ಮಾಡಿದರೆ ಅವಳು ಮಾಡಿದ್ದನ್ನೇ ನಾನೂ ಮಾಡಿದಂತೆ, ಆಮೇಲೆ ಅವಳ ಮೇಲೆ ಉರಿಯಲು ನನಗೆ ಯಾವ ಹಕ್ಕು ಉಳಿಯುತ್ತದೆ? ತಪ್ಪನ್ನು ಅದರ ಜಾಗದಲ್ಲೇ ಬಿಟ್ಟೆ. ಅವಳ ನಾಲ್ಕು ಸಾಲನ್ನು ಅವಳ ಹೆಸರಿನಲ್ಲಿ ಬೇರೆ ಕಮಿಟ್ ಮಾಡಿಸಿದೆ. ವೈಜಿನಾಥನಿಗೆ ಫೋನು ಮಾಡಿ ಹೇಳಿ, ಸರ್‌ಗೆ ಹೇಳಿ, ಹಳೆಯ ಚರಿತ್ರೆಯನ್ನು ಎಲ್ಲರ ಎದುರಿಗೆ ವಾಪಸು ಕೂರಿಸಿದೆ. ಇನ್ನು ಮುಂದೆ ಯಾರೂ, ನಾನೂ ಸೇರಿ, ಒಮ್ಮೆ ಹಾಕಿದ್ದನ್ನು ತಿದ್ದದಂತೆ ಪೆಟ್ಟಿಗೆಗೆ ಬೀಗ ಹಾಕಿಬಿಟ್ಟೆ.

ದಸರೆಗಿಂತ ಮೊದಲು ಅವರು ಬಂದರು. ಮಳೆ ಹಿಂದಾಗಿತ್ತು, ಸೋಯಾ ಕೊಯ್ಲು ಶುರುವಾಗಿತ್ತು. ಸಂಘದ ಹಿರಿಯರ ಬಟ್ಟೆಗಳೊಂದಿಗೇ ಆ ಹುಳಿ ವಾಸನೆ ನಮ್ಮ ಕೋಣೆಗೆ ಬಂತು. ಎಂಜಿನಿಯರ್ ಮೊದಲಿಂದ ಓದತೊಡಗಿದರು. ಸೊನ್ನೆಗೆ ಮುಗುಳ್ನಕ್ಕರು. ಶೇಂಗಾಕ್ಕೆ ಜೋರಾಗಿ ನಕ್ಕು ಹಿರಿಯರಿಗೆ ಓದಿ ಹೇಳಿದರು, ಅವರೂ ನಕ್ಕರು. ನಾನು ಆಕಾಶದಲ್ಲಿದ್ದೆ. ಸುರೇಖಾ ಮೂಲೆಯಲ್ಲಿ ಉಗುರು ಕಚ್ಚುತ್ತಿದ್ದಳು, ಅದನ್ನೂ ನೋಡಿ ಸಂತೋಷಪಟ್ಟೆ. ಆಮೇಲೆ ಅವರ ಬೆರಳು ನಿಂತಿತು.

"ತಲುಪಿದ ಹೊತ್ತಿನ ಮ್ಯಾಲ ಪಾಳಿ? ಇದು ಯಾರದ್ರಿ?"

"ನಂದ್ರಿ," ಅಂದೆ.

"ತಿದ್ದಿದವರು?"

ಸುರೇಖಾಳ ಕಡೆ ಕೈ ತೋರಿಸಿದೆ. ಠಾಣಾ ಕುಶನೂರಿನ ಹಿರಿಯರೊಬ್ಬರು ಏನದು ಎಂದು ಕೇಳಿದರು. ಎಂಜಿನಿಯರ್ ಬಿಡಿಸಿ ಹೇಳಿದರು. ಹಿರಿಯರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು.

"ಅಂದ್ರ ನೆಟ್ ಇಲ್ಲಂತ ನಮ್ಮ ಊರಿನ ಪಾಳಿ ಹಿಂದ ಬೀಳೂದಿತ್ತು?"

"ಹೌದ್ರಿ."

"ಈ ಹುಡುಗಿ ಯಾವ ಊರಿನಾಕಿ?"

"ಔರಾದ್ರಿ," ಅಂದಳು ಸುರೇಖಾ.

"ಔರಾದದಾಕಿ ಆಗಿ ನಮ್ಮ ಊರಿಂದು ನೋಡಿದಿ. ಈಕಿಗೇ ಕೊಡ್ರಿ ಜವಾಬ್ದಾರಿ," ಅಂದರು. ಎಂಜಿನಿಯರೂ ಅದೇ ಮಾತು ಹೇಳಿದರು. ಅಲ್ಲಿಗೆ ಮುಗಿಯಿತು.

ಹೋಗುವಾಗ ಸರ್ ನನ್ನ ಹತ್ತಿರ ಬಂದು, "ನಿನ್ನ ಸಾಲು ಅಂದ್ರ ನಿನ್ನ ಸಾಲೇ ಬಿಡವಾ" ಅಂದರು. ಅದನ್ನು ತೊಗೊಂಡು ಏನು ಮಾಡಲಿ? ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಹೊರಗೆ ಬಂದು ಸುರೇಖಾಗೆ ಪೇಢೆ ತಿನ್ನಿಸಿದೆ. ಎರಡೂ ಖರೇನೇ. ಆಮೇಲೆ ಆ ಸೋಯಾ ಹಂಗಾಮಿನಲ್ಲಿ ಠಾಣಾ ಕುಶನೂರಿನ ಒಬ್ಬ ರೈತನ ಪಾಳಿಯೂ ಹಿಂದೆ ಬೀಳಲಿಲ್ಲ. ಅದು ಗೊತ್ತಾದಾಗಲೂ ಸಂತೋಷವಾಯಿತು, ಉರಿಯೂ ಆಯಿತು.

ಈಗ ಎರಡೂ ತಾಲೂಕು ಅವಳ ಕೈಯಲ್ಲಿವೆ, ಅವಳು ಔರಾದದಲ್ಲೇ ಕೂತಿದ್ದಾಳೆ. ನಾನು ಬೀದರಿನಲ್ಲಿ ಅದೇ ಮೇಜಿನಲ್ಲಿದ್ದೇನೆ, ಧೂಳು ನನ್ನದೇ. ಭಾಲ್ಕಿ ಕೇಂದ್ರದಲ್ಲಿ ಏನಾದರೂ ಕೆಟ್ಟರೆ ಅವಳು ಫೋನು ಮಾಡಿ, "ಅಕ್ಕಾ, ಸ್ವಲ್ಪ ಹೋಗಿ ಬರ್ತೀರೇನ್ರಿ?" ಅನ್ನುತ್ತಾಳೆ. ಗೊಣಗುತ್ತೇನೆ, ಹೋಗುತ್ತೇನೆ. ಹೋದ ವಾರ ಅಲ್ಲಿ ಇಳಿದದ್ದೂ ಅದಕ್ಕೇ.

ತಾಡಪತ್ರಿಯ ಮುಂದೆ ನಿಂತು, ಮನಸ್ಸಿನಲ್ಲಿದ್ದ ಆ ಚೆಂದದ ಸಾಲನ್ನು ಹಿಂದೆ ಮುಂದೆ ಮಾಡುತ್ತಿರುವಾಗ ಫೋನು ಗುಂಯ್ ಅಂದಿತು. ಔರಾದದಿಂದ ಸುರೇಖಾಳ ಕಮಿಟ್.

"ಮಳಿ ನಿಂತದ. ಹಸಿ ಸೋಯಾದ ವಾಸನಿ ಬಡದು ಮಂಗಲಕ್ಕನ ನೆನಪಾತು. ಪಾಳಿ ಬರೋಬ್ಬರಿ ನಡದದ."

ರಸ್ತೆಯ ಮಧ್ಯೆ ನಿಂತು ಎರಡು ಸಲ ಓದಿದೆ. ಕಣ್ಣು ಒದ್ದೆಯಾದವು, ಅದರ ಜೊತೆಗೇ ಹೊಟ್ಟೆ ಭಗ್ ಅಂದಿತು. ಇವಳಿಗೆ ಸಾಲು ಬರೆಯುವುದೂ ಬಂದುಬಿಟ್ಟಿತೇ? ಅದೂ ನನ್ನ ವಾಸನೆ, ನನ್ನ ಸಾಲು! ಅಳಿಸಿ ಹಾಕೋಣವೆಂದರೆ ಪೆಟ್ಟಿಗೆಗೆ ಬೀಗ ಹಾಕಿದವಳು ನಾನೇ.

ಅಲ್ಲೇ ಅಡತಿ ಅಂಗಡಿಯ ಕಟ್ಟೆಯ ಮೇಲೆ ಕೂತು ಅವಳಿಗೆ ಫೋನು ಹಚ್ಚಿದೆ.

"ಸುರೇಖಾ, ಆ ವಾಸನಿ ನಿನಗ ಎಷ್ಟೊತ್ತಿಗೆ ಬಂತು?"

"ಈಗೇ ಬಂತ್ರಿ ಅಕ್ಕಾ. ಬಂದ ಕೂಡಲೇ ಬರದೆ. ಯಾಕ್ರಿ?"

"ನನಗ ಬಸ್ ಇಳದಾಗೇ ಬಂದದ," ಅಂದೆ. "ತಲುಪಿದ ಹೊತ್ತಲ್ಲ, ಬಂದ ಹೊತ್ತು ಲೆಕ್ಕಕ್ಕ ಅಂತ ತಿದ್ದಿದಾಕಿ ನೀನೇ. ಪಾಳಿ ನಂದು."